ಫ್ಲೂ ಲಸಿಕೆಯ ನಂತರ ಭುಜನೋವು: ಅಮೆರಿಕದಲ್ಲಿ ಪರಿಹಾರ ಕೇಳುವುದು ಹೇಗೆ?

ಪ್ರಶ್ನೆ:
ಕಳೆದ ಅಕ್ಟೋಬರ್‌ನಲ್ಲಿ ಇಲ್ಲಿನ ಫಾರ್ಮಸಿಯೊಂದರಲ್ಲಿ ಫ್ಲೂ ಲಸಿಕೆ ಹಾಕಿಸಿಕೊಂಡೆ. ನಾನು ಕುರ್ಚಿಯಲ್ಲಿ ಕುಳಿತಿದ್ದೆ. ಲಸಿಕೆ ಕೊಟ್ಟವರು ನಿಂತುಕೊಂಡೇ ಎಡಭುಜದ ಮೂಳೆಗೆ ತೀರ ಹತ್ತಿರ ಸೂಜಿ ಚುಚ್ಚಿದರು. ಅದೇ ರಾತ್ರಿ ಶುರುವಾದ ನೋವು ಎಂಟು ತಿಂಗಳಾದರೂ ಹೋಗಿಲ್ಲ. ತಲೆ ಬಾಚಲೂ ಕೈ ಎತ್ತಲಾಗುತ್ತಿಲ್ಲ. ತಾನಾಗಿ ಕಡಿಮೆಯಾದೀತೆಂದು ಕಾದು, ಏಳು ವಾರಗಳ ಬಳಿಕ ವೈದ್ಯರನ್ನು ಕಂಡೆ. ಫಾರ್ಮಸಿಯ ಮೇಲೆ ದಾವೆ ಹೂಡಬೇಕೇ? ತಡವಾದದ್ದು ತೊಡಕಾಗುವುದೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಮೊದಲು ಫಾರ್ಮಸಿಯ ಮೇಲೆ ದಾವೆ ಹೂಡುವಂತಿಲ್ಲ. ಲಸಿಕೆಯಿಂದಾದ ಹಾನಿಗೆ ಪರಿಹಾರ ಕೊಡಿಸುವ 1986ರ ಕಾನೂನಿನ ಪ್ರಕಾರ, ಕೇಂದ್ರ ಆರೋಗ್ಯ ಇಲಾಖೆಯ ಕಾರ್ಯದರ್ಶಿಯನ್ನು ಪ್ರತಿವಾದಿಯಾಗಿಸಿ ವಾಷಿಂಗ್ಟನ್‌ನ ಫೆಡರಲ್ ಕ್ಲೇಮ್ಸ್ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬೇಕು. ಅದನ್ನು ಸ್ಪೆಷಲ್ ಮಾಸ್ಟರ್, ಅಂದರೆ ಇಂಥ ಅರ್ಜಿಗಳಿಗೆಂದೇ ನೇಮಿಸಿದ ನ್ಯಾಯಾಧಿಕಾರಿ, ವಿಚಾರಿಸುತ್ತಾರೆ. ಲಸಿಕೆಗಳ ಮೇಲೆ ವಿಧಿಸುವ ಸುಂಕದಿಂದ ಕೂಡಿದ ನಿಧಿಯೇ ಪರಿಹಾರದ ಮೂಲ. ಲಸಿಕೆ ಚುಚ್ಚುವಾಗ ಆಗುವ ಈ ಭುಜದ ಗಾಯವನ್ನು, ಅಂದರೆ ಇಂಗ್ಲಿಷ್‌ನಲ್ಲಿ ಚಿಕ್ಕದಾಗಿ ಸಿರ್ವಾ (SIRVA) ಎನ್ನುವುದನ್ನು, 2017ರಲ್ಲಿ ಆ ಕಾನೂನಿನಡಿಯ ಲಸಿಕೆ-ಗಾಯಗಳ ಅಧಿಕೃತ ಪಟ್ಟಿಗೆ ಸೇರಿಸಲಾಯಿತು. ಆ ಭುಜದಲ್ಲಿ ಮೊದಲು ನೋವಿರಬಾರದು, ನೋವು 48 ಗಂಟೆಗಳೊಳಗೆ ಆರಂಭವಾಗಿರಬೇಕು, ನೋವೂ ಚಲನೆಯ ಕೊರತೆಯೂ ಲಸಿಕೆ ಹಾಕಿದ ಭುಜಕ್ಕಷ್ಟೇ ಸೀಮಿತವಾಗಿರಬೇಕು, ಬೇರೆ ಕಾಯಿಲೆ ಅದಕ್ಕೆ ಕಾರಣವೆಂದು ಕಾಣಬಾರದು. ಇಷ್ಟಿದ್ದು, ತೊಂದರೆ ಆರು ತಿಂಗಳು ಮೀರಿದ್ದರೆ, ಲಸಿಕೆ ಕೊಟ್ಟವರ ನಿರ್ಲಕ್ಷ್ಯವನ್ನು ನೀವು ಸಾಬೀತುಪಡಿಸಬೇಕಾಗಿಲ್ಲ.

ಉತ್ತರ 2:
ಆ 48 ಗಂಟೆಗಳೇ ಇಲ್ಲಿನ ಜೀವಾಳ. ಅದರಲ್ಲೇ ನಾನು ಬಹಳ ಬಳಲಿದೆ. ಲಸಿಕೆ ಹಾಕಿಸಿಕೊಂಡು ಐದು ವಾರಗಳಾಗಿದ್ದರೂ ನನ್ನ ವೈದ್ಯರು ‘ಸುಮಾರು ಎರಡು ವಾರಗಳಿಂದ ನೋವು’ ಎಂದು ಬರೆದಿದ್ದರು. ಸರ್ಕಾರದ ವಕೀಲರು ಆ ಒಂದೇ ಸಾಲನ್ನು ಹಿಡಿದು ಕುಳಿತರು. ಲಸಿಕೆಯ ಮರುದಿನ ಅಕ್ಕನಿಗೆ ‘ಕೈ ಎತ್ತಲಾಗುತ್ತಿಲ್ಲ’ ಎಂದು ಕಳುಹಿಸಿದ್ದ ಸಂದೇಶ, ಮನೆಯವರ ಪ್ರಮಾಣಪತ್ರ ಮತ್ತು ಫಿಸಿಯೋಥೆರಪಿಯ ಟಿಪ್ಪಣಿಗಳು ಕೊನೆಗೆ ಕೈಹಿಡಿದವು. ಏಳು ವಾರ ತಡವಾದ ಮಾತ್ರಕ್ಕೆ ಎದೆಗುಂದಬೇಡಿ, ಆದರೆ ಆ ಮೊದಲ ಭೇಟಿಯ ದಾಖಲೆಯನ್ನು ಇಂದೇ ತರಿಸಿ ಓದಿ.

ಉತ್ತರ 3:
ಮೊದಲ ಲಕ್ಷಣ ಕಂಡ ದಿನದಿಂದ ಮೂರು ವರ್ಷಗಳೊಳಗೆ ಅರ್ಜಿ ಸಲ್ಲಬೇಕು. ನೋವು-ಸಂಕಟದ ಬಾಬ್ತಿನ ಮಿತಿ 2,50,000 ಡಾಲರ್. ಚಿಕಿತ್ಸೆಯ ವೆಚ್ಚ ಮತ್ತು ವೇತನನಷ್ಟ ಅದರ ಹೊರಗೆ. ಪ್ರಾಮಾಣಿಕವಾದ, ಸಮಂಜಸ ಆಧಾರವಿರುವ ಅರ್ಜಿ ಸೋತರೂ ವಕೀಲರ ಶುಲ್ಕವನ್ನು ಈ ವ್ಯವಸ್ಥೆಯಿಂದಲೇ ಕೊಡಿಸಬಹುದು. ಕೋವಿಡ್ ಲಸಿಕೆಯದು ಬೇರೆಯೇ ದಾರಿ: ಅಲ್ಲಿ ಲಸಿಕೆಯ ದಿನದಿಂದ ಒಂದೇ ವರ್ಷದ ಗಡುವು, ವಕೀಲರ ಶುಲ್ಕವೂ ಸಿಗುವುದಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ದಾಖಲೆ ತರಿಸಿದೆ. ವೈದ್ಯರು ‘ಲಸಿಕೆಯ ದಿನದಿಂದ’ ಎಂದೇ ಬರೆದಿದ್ದಾರೆ, ಆದರೆ ಫಾರ್ಮಸಿಯ ಕಡತದಲ್ಲಿ ಲಸಿಕೆ ಬಲಗೈಗೆ ಎಂದಿದೆ!

ಉತ್ತರ 2:
ಕೈ ತಪ್ಪಾಗಿ ನಮೂದಾದ ಪ್ರಕರಣಗಳು ಹಿಂದೆಯೂ ಬಂದಿವೆ. ನಂತರದ ವೈದ್ಯಕೀಯ ದಾಖಲೆಗಳೆಲ್ಲ ಎಡಗೈ ಎಂದೇ ಹೇಳುತ್ತಿದ್ದರೆ ಸ್ಪೆಷಲ್ ಮಾಸ್ಟರ್ ಅವನ್ನು ನಂಬಬಹುದು. ಈ ವಿಷಯವನ್ನು ವಕೀಲರಿಗೆ ಮೊದಲ ಭೇಟಿಯಲ್ಲೇ ತಿಳಿಸಿ.