ಅಪ್‌ಡೇಟ್: ಹಳೆಯ ಹಾರ್ಡ್ ಡಿಸ್ಕ್‌ಗಳ ಮನೆ ಸರ್ವರ್

ಕಳಚಿಟ್ಟಿದ್ದ ನಾಲ್ಕು ಹಳೆಯ ಡಿಸ್ಕ್‌ಗಳನ್ನು (ಒಂದು 2 ಟಿಬಿ, ಎರಡು 1 ಟಿಬಿ, ಒಂದು 500 ಜಿಬಿ) ರೇಡ್ 5ರಲ್ಲಿ (ಹಲವು ಡಿಸ್ಕ್‌ಗಳನ್ನು ಒಂದಾಗಿಸಿ, ಒಂದು ಕೆಟ್ಟರೂ ದತ್ತಾಂಶ ಉಳಿಯುವಂತೆ ಮಾಡುವ ವಿಧಾನ) ಜೋಡಿಸಬಹುದೇ ಎಂದು ಕೇಳಿದ್ದೆ. ಮೊದಲು ಸ್ಮಾರ್ಟ್ ಪರೀಕ್ಷೆ (ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ತಿಳಿಸುವ ಪರೀಕ್ಷೆ) ಮಾಡಿರೆಂದು ತಿಳಿಸಿದವರಿಗೆ ಕೃತಜ್ಞತೆಗಳು. 500 ಜಿಬಿ ಡಿಸ್ಕ್‌ನಲ್ಲಿ ಪೆಂಡಿಂಗ್ ಸೆಕ್ಟರ್‌ಗಳ (ಸರಿಯಾಗಿ ಓದಲಾಗದ, ಕೆಟ್ಟಿರಬಹುದಾದ ಜಾಗಗಳ) ಸಂಖ್ಯೆ ದಿನೇದಿನೇ ಏರುತ್ತಿದ್ದುದರಿಂದ ಅದನ್ನು ಕೈಬಿಟ್ಟೆ. ಅದರಿಂದ ನಷ್ಟವೇನೂ ಆಗಲಿಲ್ಲ. ರೇಡ್ 5 ಎಲ್ಲ ಡಿಸ್ಕ್‌ಗಳನ್ನೂ ಅತಿ ಚಿಕ್ಕದರ ಅಳತೆಗೆ ಇಳಿಸಿ, ಒಂದರಷ್ಟು ಜಾಗವನ್ನು ರಕ್ಷಣೆಗೆ ಬಳಸುವುದರಿಂದ ನಾಲ್ಕೂ ಸೇರಿದರೂ 1.5 ಟಿಬಿ ಮಾತ್ರ ಸಿಗುತ್ತಿತ್ತು; ಉಳಿದ ಮೂರರಲ್ಲೇ 2 ಟಿಬಿ ಸಿಗುತ್ತಿತ್ತು.

ಕೊನೆಗೆ ರೇಡ್ 5ರ ಬದಲು ಸ್ನ್ಯಾಪ್‌ರೇಡ್ ಎಂಬ ತಂತ್ರಾಂಶ ಆರಿಸಿಕೊಂಡೆ. ಪ್ಯಾರಿಟಿ ಡಿಸ್ಕ್ (ಕೆಟ್ಟ ಡಿಸ್ಕ್‌ನ ಕಡತಗಳನ್ನು ಮರಳಿ ಪಡೆಯಲು ಬೇಕಾದ ಮಾಹಿತಿಯಿರುವ ಡಿಸ್ಕ್) ದತ್ತಾಂಶದ ಅತಿ ದೊಡ್ಡ ಡಿಸ್ಕ್‌ಗಿಂತ ಚಿಕ್ಕದಾಗಿರಬಾರದೆಂಬ ನಿಯಮದಂತೆ 2 ಟಿಬಿಯನ್ನು ಅದಕ್ಕೇ ಮೀಸಲಿಟ್ಟು, ಉಳಿದೆರಡರಲ್ಲಿ ಫೋಟೊಗಳನ್ನೂ ಅಪ್ಪನ ಯಕ್ಷಗಾನ ಧ್ವನಿಮುದ್ರಣಗಳನ್ನೂ ಇಟ್ಟಿದ್ದೇನೆ. ಎರಡು ಡಿಸ್ಕ್ ಒಟ್ಟಿಗೆ ಕೆಟ್ಟರೂ ಉಳಿದದ್ದು ದತ್ತಾಂಶದ ಡಿಸ್ಕ್ ಆಗಿದ್ದರೆ ಅದರಲ್ಲಿನ ಕಡತಗಳು ಹಾಗೆಯೇ ಸಿಗುತ್ತವೆಂಬುದು ಹಳೆಯ ಸಾಮಗ್ರಿಗೆ ದೊಡ್ಡ ಸಮಾಧಾನ. ಆದರೆ ಕೊನೆಯ ಸಿಂಕ್‌ನ (ಪ್ಯಾರಿಟಿ ಮಾಹಿತಿಯನ್ನು ಹೊಸದಾಗಿಸುವ ಕೆಲಸದ) ನಂತರ ಸೇರಿಸಿದ ಕಡತಗಳಿಗೆ ರಕ್ಷಣೆಯಿಲ್ಲವಾದ್ದರಿಂದ ಪ್ರತಿರಾತ್ರಿ ಸಿಂಕ್ ಓಡುವಂತೆ ಮಾಡಿದ್ದೇನೆ.

ಉಡುಪಿಯಲ್ಲಿ ಮಳೆಗಾಲಕ್ಕೆ ಮುಂಚಿನ ಸಿಡಿಲು ಯಾರನ್ನೂ ಬಿಡುವುದಿಲ್ಲ. ಆದ್ದರಿಂದ ಉಳಿದ ಹಣವನ್ನು ಹೊಸ ಡಿಸ್ಕ್‌ಗೆ ಬದಲು ಯುಪಿಎಸ್‌ಗೆ ಹಾಕಿದೆ. ಇನ್ನೊಂದು ಪ್ರತಿ ಸುರತ್ಕಲ್‌ನ ಅಕ್ಕನ ಮನೆಯ ಕಪಾಟಿನಲ್ಲಿದೆ.