ಜೆನೆಟಿಕ್ ಕೌನ್ಸೆಲರ್ ಅವರನ್ನು ಕಾಣುವುದು ಪರೀಕ್ಷೆಗೆ ಮೊದಲೋ, ಆಮೇಲೋ?

ಪ್ರಶ್ನೆ:
ನನ್ನ ತಾಯಿಗೆ 42ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಬಂದು ಗುಣವಾಗಿತ್ತು. ಈಗ ದೊಡ್ಡಮ್ಮನಿಗೆ ಅಂಡಾಶಯದ ಕ್ಯಾನ್ಸರ್ ಇರುವುದು ತಿಳಿದುಬಂದಿದೆ. ನನಗೆ 31 ವರ್ಷ, ಆರೋಗ್ಯವಾಗಿದ್ದೇನೆ. ವೈದ್ಯರು ಜೆನೆಟಿಕ್ ಕೌನ್ಸೆಲರ್ (ವಂಶದಲ್ಲಿ ಹರಿದುಬರುವ ಕಾಯಿಲೆಗಳ ಬಗ್ಗೆ ಸಲಹೆ ಕೊಡುವವರು) ಅವರನ್ನು ಕಾಣಲು ಹೇಳಿದ್ದಾರೆ. ಮೊದಲು ಜೀನ್ ಪರೀಕ್ಷೆಗೆ ರಕ್ತ ಕೊಟ್ಟು, ವರದಿ ಕೈಗೆ ಬಂದ ಮೇಲೆ ಹೋದರೆ ಸಾಲದೇ?

ಉತ್ತರ 1:
ನಾನು ಇದೇ ವೃತ್ತಿಯಲ್ಲಿದ್ದೇನೆ. ದಯವಿಟ್ಟು ರಕ್ತ ಕೊಡುವ ಮೊದಲೇ ಹೋಗಿ. ಕೌನ್ಸೆಲರ್ ಮೊದಲು ಮೂರು ತಲೆಮಾರಿನ ವಂಶವೃಕ್ಷ ಬರೆದುಕೊಂಡು, ಯಾರಿಗೆ, ಯಾವ ಅಂಗಕ್ಕೆ, ಎಷ್ಟನೇ ವಯಸ್ಸಿನಲ್ಲಿ ಕಾಯಿಲೆ ಬಂತು ಎಂದು ಕೇಳುತ್ತಾರೆ. ಇಂಥ ಕ್ಯಾನ್ಸರ್‌ಗೆ ಕಾರಣವಾಗುವ ಜೀನ್ ದೋಷ ತಂದೆಯ ಕಡೆಯಿಂದಲೂ ಬರಬಹುದಾದ್ದರಿಂದ ಆ ಕಡೆಯ ವಿವರವೂ ಬೇಕು. ಯಾರ ರಕ್ತವನ್ನು ಮೊದಲು ಪರೀಕ್ಷಿಸಬೇಕು ಎಂಬುದು ಆಮೇಲಿನ ಮಾತು. ಸಾಮಾನ್ಯವಾಗಿ ಅದು ಕಾಯಿಲೆ ಬಂದವರದೇ ಆಗಿರುತ್ತದೆ, ನಿಮ್ಮದಲ್ಲ. ತಾಯಿಯಲ್ಲಿ ಬಿಆರ್‌ಸಿಎ1 ಅಥವಾ ಬಿಆರ್‌ಸಿಎ2 ಜೀನ್‌ನ ದೋಷ (ಸ್ತನ, ಅಂಡಾಶಯದ ಕ್ಯಾನ್ಸರ್ ಬರುವ ಸಾಧ್ಯತೆಯನ್ನು ಹೆಚ್ಚಿಸುವಂಥದ್ದು) ಸಿಕ್ಕರೆ, ಅದು ನಿಮಗೆ ಬಂದಿರುವ ಸಾಧ್ಯತೆ 50%. ನಿಮ್ಮಲ್ಲಿ ಅದೇ ದೋಷ ಇಲ್ಲವೆಂದಾದರೆ ಆ ಮಾತನ್ನು ನಂಬಬಹುದು. ಅವರನ್ನು ಬಿಟ್ಟು ನಿಮ್ಮನ್ನೊಬ್ಬರನ್ನೇ ಪರೀಕ್ಷಿಸಿ ‘ಏನೂ ಇಲ್ಲ’ ಎಂದು ಬಂದರೆ, ಮನೆತನದಲ್ಲಿರುವ ದೋಷ ನಿಮಗೆ ಬಂದಿಲ್ಲವೋ, ಅಥವಾ ಆ ಪರೀಕ್ಷೆಗೆ ಅದು ಸಿಗಲಿಲ್ಲವೋ ಎಂದು ಹೇಳಲಾಗದು. ‘ಅರ್ಥ ಖಚಿತವಿಲ್ಲದ ಬದಲಾವಣೆ’ ಎಂಬ ವರದಿಯೂ ಬರುವುದುಂಟು, ಎಂದರೆ ಜೀನ್‌ನಲ್ಲಿ ಕಂಡ ಬದಲಾವಣೆ ಹಾನಿಕರವೋ ಅಲ್ಲವೋ ಇನ್ನೂ ತಿಳಿಯದು. ಅದನ್ನೇ ರೋಗವೆಂದು ತಿಳಿದು ಕಂಗಾಲಾದವರನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗಿದೆ.

ಉತ್ತರ 2:
ನಾನು ಮತ್ತು ನನ್ನ ಪತ್ನಿ ಇಬ್ಬರೂ ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆಯ ವಾಹಕರು, ಎಂದರೆ ಕಾಯಿಲೆ ನಮಗಿಲ್ಲದಿದ್ದರೂ ಅದರ ಜೀನ್ ನಮ್ಮಲ್ಲಿದೆ. ಮಗುವಿಗೆ ಕಾಯಿಲೆ ಬರುವ ಸಾಧ್ಯತೆ 25% ಎಂದಾಗ, ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ ಬಂದರೆ ಉಳಿದ ಮೂವರಿಗೆ ಬಾರದು ಎಂದೇ ನಾನು ಭಾವಿಸಿದ್ದೆ. ಕೌನ್ಸೆಲರ್ ಹಾಳೆಯ ಮೇಲೆ ನಾಲ್ಕು ಚೌಕ ಬರೆದು, ಪ್ರತಿ ಬಸಿರಿನಲ್ಲಿಯೂ ಈ ಲೆಕ್ಕ ಹೊಸದಾಗಿಯೇ ಆರಂಭವಾಗುತ್ತದೆ ಎಂದು ತೋರಿಸಿದರು. ಗರ್ಭದಲ್ಲಿಯೇ ಮಾಡಬಹುದಾದ ಪರೀಕ್ಷೆಗಳನ್ನು ವಿವರಿಸಿದರೇ ಹೊರತು, ಹೀಗೇ ಮಾಡಿ ಎಂದು ಒಮ್ಮೆಯೂ ಹೇಳಲಿಲ್ಲ. ಮೇಲಿಂದ ಮೇಲೆ ಗರ್ಭಪಾತವಾದವರು, ರಕ್ತಸಂಬಂಧದಲ್ಲಿ ಮದುವೆಯಾದವರು ಸಹ ಬಸಿರಾಗುವ ಮೊದಲೇ ಅವರನ್ನು ಕಾಣುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಆದರೆ ಪರೀಕ್ಷೆಯ ಮಾತೆತ್ತಿದರೆ, ‘ನನ್ನಿಂದಲೇ ನಿನಗೂ ಬಂತೇ’ ಎಂದು ಅಮ್ಮ ಕೊರಗುತ್ತಾರೇನೋ ಎಂಬ ಅಂಜಿಕೆ ನನಗಿದೆ.

ಉತ್ತರ 1:
ಆ ಅಂಜಿಕೆಯನ್ನೂ ಕೌನ್ಸೆಲರ್ ಮುಂದೆ ಹೇಳಿ. ಅದನ್ನು ಕೇಳಿಸಿಕೊಳ್ಳುವುದೂ ಅವರ ಕೆಲಸವೇ. ಒಪ್ಪಿದರೆ ತಾಯಿಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅವರ ಹಳೆಯ ಬಯಾಪ್ಸಿ ವರದಿ ಸಿಕ್ಕರೆ ಅದನ್ನು ಮರೆಯದೆ ತೆಗೆದುಕೊಂಡು ಹೋಗಿ.