ಹೆವಿವೇಟ್ ಮರುಪಂದ್ಯದಲ್ಲಿ ಯಾರು ಗೆಲ್ತಾರೆ? ಬಾಕ್ಸಿಂಗ್ ಕೋಚ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಸರ್, ಒಂದು ಗೊಂದಲ. ಹೆವಿವೇಟ್ (ಅತಿ ಭಾರದ ತೂಕದ ವರ್ಗ) ಬಾಕ್ಸರ್ ಆಂಥನಿ ಜೋಶುವಾ 2019ರ ಜೂನ್‌ನಲ್ಲಿ ಆಂಡಿ ರೂಯಿಜ್‌ಗೆ ಸೋತರು. ಅದೇ ಡಿಸೆಂಬರ್‌ನಲ್ಲಿ ಮರುಪಂದ್ಯ ಆಡಿ ಆರಾಮಾಗಿ ಗೆದ್ದರು. 2021ರಲ್ಲಿ ಒಲೆಕ್ಸಾಂಡರ್ ಉಸಿಕ್‌ಗೆ ಸೋತರು. 2022ರ ಮರುಪಂದ್ಯದಲ್ಲಿ ಮತ್ತೆ ಸೋತರು. ಮನುಷ್ಯ ಅದೇ, ಹಟವೂ ಅದೇ. ಒಂದು ಕಡೆ ಲೆಕ್ಕ ಚುಕ್ತಾ ಆಯ್ತು, ಇನ್ನೊಂದು ಕಡೆ ಆಗಲಿಲ್ಲ. ಇದನ್ನು ಪಂದ್ಯಕ್ಕೆ ಮೊದಲೇ ಹೇಳಬಹುದಿತ್ತಾ?

ಕೋಚ್: ಪೂರ್ತಿ ಖಾತ್ರಿಯಿಂದ ಅಲ್ಲ, ಆದರೆ ಸುಮಾರು ಮಟ್ಟಿಗೆ ಹೇಳಬಹುದಿತ್ತು. ಮರುಪಂದ್ಯ ಅಂದ ಕೂಡಲೇ ಜನ ಮೊದಲ ಪಂದ್ಯದಲ್ಲಿ ಯಾರು ಗೆದ್ದರು ಅಂತ ನೋಡುತ್ತಾರೆ. ನಾನು ಸೋತವನು ಯಾಕೆ ಸೋತ ಅಂತ ನೋಡುತ್ತೇನೆ. ಒಂದು ತಪ್ಪು ಮಾಡಿ ಸೋತನಾ, ಅಥವಾ ಎದುರಾಳಿ ಹತ್ತಿರ ಇರೋದು ತನ್ನ ಹತ್ತಿರ ಇಲ್ಲದೇ ಸೋತನಾ? ತಪ್ಪನ್ನು ಆರು ತಿಂಗಳಲ್ಲಿ ತಿದ್ದಬಹುದು. ಇಲ್ಲದ್ದನ್ನು ಆರು ತಿಂಗಳಲ್ಲಿ ತರೋಕೆ ಆಗಲ್ಲ.

ರೂಯಿಜ್ ಜೊತೆಗಿನ ಮೊದಲ ಪಂದ್ಯದ ಮೂರನೇ ರೌಂಡ್ ಮತ್ತೆ ನೋಡಿ. ಮೊದಲು ಕೆಳಗೆ ಬಿದ್ದಿದ್ದು ರೂಯಿಜ್. ಜೋಶುವಾ ಅಲ್ಲಿಗೇ ಮುಗಿಸಿಬಿಡೋಣ ಅಂತ ಒಳಗೆ ನುಗ್ಗಿದರು. ಹತ್ತಿರದಲ್ಲಿ ನಿಂತು ಹೊಡೆದಾಡೋದರಲ್ಲಿ ರೂಯಿಜ್ ಕೈ ಬಹಳ ಚುರುಕು. ಎಡಗೈ ಹುಕ್, ಅಂದರೆ ಪಕ್ಕದಿಂದ ಬೀಸುವ ಹೊಡೆತ, ತಲೆಯ ಪಕ್ಕಕ್ಕೆ ಬಿತ್ತು, ಜೋಶುವಾ ಕುಸಿದರು. ಅಲ್ಲಿಂದ ಆಮೇಲೆ ಕಾಲಿಗೆ ಶಕ್ತಿ ಬರಲೇ ಇಲ್ಲ. ಒಟ್ಟು ನಾಲ್ಕು ಸಲ ಬಿದ್ದರು, ಏಳನೇ ರೌಂಡ್‌ನಲ್ಲಿ ರೆಫರಿ ನಿಲ್ಲಿಸಿದರು.

ಈಗ ಯೋಚನೆ ಮಾಡಿ. ಜೋಶುವಾ 6 ಅಡಿ 6 ಇಂಚು, ತೋಳಿನ ಅಳತೆ 82 ಇಂಚು. ರೂಯಿಜ್ ತೋಳು 74 ಇಂಚು. ಇಷ್ಟು ವ್ಯತ್ಯಾಸ ಇಟ್ಟುಕೊಂಡು ಹತ್ತಿರ ಹೋಗಿ ನಿಲ್ಲೋದೇ ತಪ್ಪು ಅಲ್ವಾ? ಮರುಪಂದ್ಯದಲ್ಲಿ ಅವರು ಹತ್ತಿರ ಹೋಗಲೇ ಇಲ್ಲ. ಜಾಬ್ (ಮುಂದಿಟ್ಟ ಕೈಯಿಂದ ಚುರುಕಾದ ನೇರ ಹೊಡೆತ) ಹೊಡೆ, ಪಕ್ಕಕ್ಕೆ ಸರಿ, ಮತ್ತೆ ಜಾಬ್. ನೋಡೋಕೆ ಬೇಜಾರು, ಆದರೆ ಮೂರೂ ಜಡ್ಜ್ ಅಂಕ ಜೋಶುವಾ ಕಡೆ: 118-110, 118-110, 119-109. ಜೋಶುವಾ ಸುಮಾರು 10 ಪೌಂಡ್ ಇಳಿಸಿಕೊಂಡು ಬಂದಿದ್ದರು. ರೂಯಿಜ್ ಸುಮಾರು 15 ಪೌಂಡ್ ಏರಿಸಿಕೊಂಡು ಬಂದಿದ್ದರು. ತಯಾರಿ ಸಾಲಲಿಲ್ಲ ಅಂತ ರೂಯಿಜ್ ಆಮೇಲೆ ತಾವೇ ಒಪ್ಪಿಕೊಂಡರು.

ಉಸಿಕ್ ವಿಷಯ ಬೇರೆ. ಅಲ್ಲಿ ತಿದ್ದೋಕೆ ಒಂದು ತಪ್ಪು ಅಂತ ಇರಲಿಲ್ಲ. ಉಸಿಕ್ ಸೌತ್‌ಪಾ, ಅಂದರೆ ಬಲಗೈ ಮುಂದಿಟ್ಟು ಆಡುವವರು. ಪಾದ ಒಂದು ಕ್ಷಣ ನಿಲ್ಲಲ್ಲ. ಕ್ರೂಸರ್‌ವೇಟ್‌ನಲ್ಲಿ (ಹೆವಿವೇಟ್‌ಗಿಂತ ಕೆಳಗಿನ ತೂಕ) ಎಲ್ಲ ಬೆಲ್ಟ್, ಅಂದರೆ ಚಾಂಪಿಯನ್ ಪಟ್ಟ, ಗೆದ್ದು ಮೇಲಿನ ತೂಕಕ್ಕೆ ಬಂದವರು. 12 ರೌಂಡ್ ಒಂದೇ ವೇಗದಲ್ಲಿ ಆಡುತ್ತಾರೆ. ಮರುಪಂದ್ಯದಲ್ಲಿ ಜೋಶುವಾ ನಿಜಕ್ಕೂ ಚೆನ್ನಾಗಿ ಆಡಿದರು. ಹೊಟ್ಟೆಗೆ ಹೊಡೆದರು, ಒಂಬತ್ತನೇ ರೌಂಡ್‌ನಲ್ಲಿ ಉಸಿಕ್‌ರನ್ನು ಒದ್ದಾಡಿಸಿದರು. ಒಬ್ಬ ಜಡ್ಜ್ ಪಂದ್ಯವನ್ನು ಜೋಶುವಾಗೇ ಕೊಟ್ಟರು. ಆದರೆ ಹತ್ತನೇ ರೌಂಡ್‌ನಲ್ಲಿ ಉಸಿಕ್ ಹಾಗೆ ತಿರುಗಿ ಬಂದಾಗ ಜೋಶುವಾ ಹತ್ತಿರ ಉತ್ತರ ಇರಲಿಲ್ಲ. ಮೊದಲಿಗಿಂತ ಚೆನ್ನಾಗಿ ಆಡಿಯೂ ಸೋಲಬಹುದು. ಊಹೆ ಮಾಡುವವರು ಇದನ್ನು ಮರೆಯುತ್ತಾರೆ.

ಇದು ಹೊಸ ಕಥೆಯೇನಲ್ಲ. ಫ್ಲಾಯ್ಡ್ ಪ್ಯಾಟರ್ಸನ್ 1959ರಲ್ಲಿ ಇಂಗೆಮಾರ್ ಯೊಹಾನ್ಸನ್ ಕೈಯಲ್ಲಿ ಮೂರನೇ ರೌಂಡ್‌ನಲ್ಲೇ ಏಳು ಸಲ ಬಿದ್ದು ಸೋತರು. ಯೊಹಾನ್ಸನ್‌ಗೆ ಇದ್ದ ದೊಡ್ಡ ಆಯುಧ ಬಲಗೈ ಒಂದೇ. ಅದಕ್ಕೆ ದಾರಿ ಮುಚ್ಚಿದರೆ ಕೆಲಸ ಆಯ್ತು. 1960ರಲ್ಲಿ ಪ್ಯಾಟರ್ಸನ್ ಐದನೇ ರೌಂಡ್‌ನಲ್ಲಿ ನಾಕೌಟ್ ಮಾಡಿದರು. ಕಳೆದುಕೊಂಡ ಹೆವಿವೇಟ್ ಪಟ್ಟವನ್ನು ವಾಪಸ್ ಗೆದ್ದ ಮೊದಲಿಗರು ಅವರೇ. ಅದೇ ಪ್ಯಾಟರ್ಸನ್ 1962ರಲ್ಲಿ ಸೋನಿ ಲಿಸ್ಟನ್ ಎದುರು 126 ಸೆಕೆಂಡ್‌ಗೆ ಸೋತರು. 1963ರ ಮರುಪಂದ್ಯದಲ್ಲಿ 130 ಸೆಕೆಂಡ್ ನಿಂತರು. ನಾಲ್ಕು ಸೆಕೆಂಡ್ ಲಾಭ! ಲಿಸ್ಟನ್ ಮೈಯಳತೆ, ಜಾಬ್, ಹೊಡೆತದ ಭಾರ, ಇವಕ್ಕೆ ಪ್ಯಾಟರ್ಸನ್ ಹತ್ತಿರ ಮದ್ದು ಇರಲಿಲ್ಲ.

ಇನ್ನೊಬ್ಬರು: ಹಾಗಾದರೆ ಒಂದೇ ಹೊಡೆತಕ್ಕೆ ನಾಕೌಟ್ ಆದರೆ ಅದನ್ನು ಅದೃಷ್ಟ ಅಂತ ಬಿಟ್ಟುಬಿಡಬಹುದಾ ಸರ್? ಮರುಪಂದ್ಯದಲ್ಲಿ ಸೋತವನೇ ಗೆಲ್ತಾನೆ ಅಂತ?

ಕೋಚ್: ಸುಮ್ನೆ ಅದೃಷ್ಟ ಅನ್ನಬೇಡಿ. ಆ ಹೊಡೆತ ಹೇಗೆ ಒಳಗೆ ಬಂತು ಅಂತ ನೋಡಿ.

ಲೆನಾಕ್ಸ್ ಲೂಯಿಸ್ ಎರಡು ಸಲ ಒಂದೊಂದು ಬಲಗೈ ಹೊಡೆತಕ್ಕೆ ಪಟ್ಟ ಕಳೆದುಕೊಂಡರು. 1994ರಲ್ಲಿ ಆಲಿವರ್ ಮೆಕಾಲ್, 2001ರ ಏಪ್ರಿಲ್‌ನಲ್ಲಿ ಹಸೀಮ್ ರಹಮಾನ್. ರಹಮಾನ್ ಪಂದ್ಯ ನಡೆದದ್ದು ದಕ್ಷಿಣ ಆಫ್ರಿಕಾದ ಬ್ರಾಕ್‌ಪಾನ್‌ನಲ್ಲಿ. ಸಮುದ್ರಮಟ್ಟದಿಂದ ತುಂಬಾ ಎತ್ತರದ ಜಾಗ, ಉಸಿರು ಬೇಗ ಖಾಲಿಯಾಗುತ್ತೆ. ಲೂಯಿಸ್ ಅಲ್ಲಿಗೆ ತಡವಾಗಿ ಬಂದರು, 253 ಪೌಂಡ್ ದಾಟಿದ ಮೈ ಹೊತ್ತು ಆಡಿದರು, ಕೈ ಕೆಳಗೆ ಬಿಟ್ಟುಕೊಂಡಿದ್ದರು. ಇದೆಲ್ಲ ತಿದ್ದಬಹುದಾದದ್ದು. ನವೆಂಬರ್‌ನಲ್ಲಿ ಮೈ ಇಳಿಸಿಕೊಂಡು ಬಂದು ನಾಲ್ಕನೇ ರೌಂಡ್‌ನಲ್ಲಿ ರಹಮಾನ್‌ರನ್ನು ಮಲಗಿಸಿದರು.

ಇನ್ನೂ ಹಳೆಯದು ಬೇಕಾದರೆ ಜೋ ಲೂಯಿಸ್. 1936ರಲ್ಲಿ ಮ್ಯಾಕ್ಸ್ ಶ್ಮೆಲಿಂಗ್, ಲೂಯಿಸ್‌ರನ್ನು 12ನೇ ರೌಂಡ್‌ನಲ್ಲಿ ನಾಕೌಟ್ ಮಾಡಿದರು. ಜಾಬ್ ಹೊಡೆದ ಮೇಲೆ ಲೂಯಿಸ್ ಎಡಗೈ ಕೆಳಗೆ ಇಳಿಯುತ್ತೆ ಅನ್ನೋದನ್ನು ಶ್ಮೆಲಿಂಗ್ ಮೊದಲೇ ಗಮನಿಸಿದ್ದರು. ಆ ಜಾಗಕ್ಕೇ ಬಲಗೈ ಹಾಕಿದರು. 1938ರ ಮರುಪಂದ್ಯ 124 ಸೆಕೆಂಡ್‌ನಲ್ಲಿ ಮುಗಿಯಿತು, ಗೆದ್ದದ್ದು ಲೂಯಿಸ್.

ಈಗ ಉಲ್ಟಾ ಉದಾಹರಣೆ. 2023ರ ಏಪ್ರಿಲ್‌ನಲ್ಲಿ ಝಾಂಗ್ ಝಿಲೈ ಎಡಗೈ ಹೊಡೆತ ಜೋ ಜಾಯ್ಸ್ ಮುಖಕ್ಕೆ ಒಂದರ ಹಿಂದೆ ಒಂದು ಬಿದ್ದು ಕಣ್ಣು ಮುಚ್ಚಿಹೋಯಿತು, ಆರನೇ ರೌಂಡ್‌ನಲ್ಲಿ ನಿಲ್ಲಿಸಿದರು. ಅದು ಒಂದು ಹೊಡೆತದ ಕಥೆ ಅಲ್ಲ. ಜಾಯ್ಸ್ ಇಡೀ ವೃತ್ತಿಯಲ್ಲಿ ತಲೆ ಅಲ್ಲಾಡಿಸದೆ ಮುಂದೆ ನಡೆದೇ ಗೆದ್ದವರು. ಸೌತ್‌ಪಾ ಎಡಗೈ ಎದುರು ಆ ರೂಢಿ ಐದು ತಿಂಗಳಲ್ಲಿ ಬದಲಾಗುತ್ತಾ? ಸೆಪ್ಟೆಂಬರ್‌ನಲ್ಲಿ ಮೂರನೇ ರೌಂಡ್‌ಗೇ ಮುಗಿಯಿತು.

ಪ್ರಶ್ನೆ: ಸರ್, ತೂಕದ ಬಗ್ಗೆ. ಹೆವಿವೇಟ್‌ನಲ್ಲಿ ಮೇಲಿನ ಮಿತಿ ಇಲ್ಲವಲ್ಲ. ಹಿಂದಿನ ದಿನ ತೂಕ ನೋಡಿ ಏನಾದರೂ ಹೇಳಬಹುದಾ? ಟೈಸನ್ ಫ್ಯೂರಿ ತೂಕ ಏರಿಸಿಕೊಂಡು ಒಮ್ಮೆ ಗೆದ್ದರು, ಒಮ್ಮೆ ಸೋತರು.

ಕೋಚ್: ಒಳ್ಳೆ ಪ್ರಶ್ನೆ. ಸಂಖ್ಯೆ ಒಂದೇ ನೋಡಿದರೆ ಮೋಸ ಹೋಗ್ತೀರಿ. ಏರಿಸಿದ ತೂಕದಿಂದ ಏನು ಮಾಡೋಕೆ ಹೊರಟಿದ್ದಾನೆ ಅಂತ ಕೇಳಬೇಕು.

2018ರಲ್ಲಿ ಫ್ಯೂರಿ, ಡಿಯೊಂಟೆ ವೈಲ್ಡರ್ ಎದುರು 256 ಪೌಂಡ್ ಆಸುಪಾಸು ಇದ್ದರು, ದೂರ ನಿಂತು ಆಡಿದರು, ಡ್ರಾ ಆಯಿತು. 2020ರ ಮರುಪಂದ್ಯಕ್ಕೆ ಕೋಚ್ ಬದಲಾಯಿಸಿ 273ಕ್ಕೆ ಬಂದರು. ಈ ಸಲ ಹಿಂದೆ ಸರಿಯಲ್ಲ, ಮುಂದೆ ನುಗ್ಗಿ ಮೈಭಾರ ಹಾಕ್ತೀನಿ ಅನ್ನೋದು ಯೋಜನೆ. ವೈಲ್ಡರ್‌ಗೆ ಬಲಗೈ ಬೀಸೋಕೆ ಜಾಗ ಬೇಕು. ಹಿಂದಕ್ಕೆ ಹೆಜ್ಜೆ ಇಡುವಾಗ ಅವರ ಹೊಡೆತಕ್ಕೆ ಬಲ ಇಲ್ಲ. ಏಳನೇ ರೌಂಡ್‌ನಲ್ಲಿ ವೈಲ್ಡರ್ ಕಾರ್ನರ್‌ನಿಂದ ಟವೆಲ್ ಬಿತ್ತು, ಅಂದರೆ ಅವರ ಕಡೆಯವರೇ ಸೋಲೊಪ್ಪಿಕೊಂಡರು. ಅಲ್ಲಿ ತೂಕ ಯೋಜನೆಯ ಭಾಗ.

2024ರಲ್ಲಿ ಉಸಿಕ್ ಜೊತೆಗಿನ ಮರುಪಂದ್ಯಕ್ಕೆ 262ರಿಂದ 281ಕ್ಕೆ ಹೋದರು. ಬಟ್ಟೆ ಹಾಕಿಕೊಂಡೇ ತಕ್ಕಡಿ ಹತ್ತಿದ್ದರು, ಅದನ್ನು ಕಳೆದರೂ ಜಾಸ್ತಿಯೇ. ಆದರೆ ಉಸಿಕ್ ವೈಲ್ಡರ್ ಅಲ್ಲ. ನಿಂತಲ್ಲಿ ನಿಲ್ಲಲ್ಲ, ಭಾರ ಹಾಕೋಕೆ ಕೈಗೆ ಸಿಗಬೇಕಲ್ಲ! ಸಿಗದವನ ಹಿಂದೆ ಓಡುವಾಗ ಆ ತೂಕ ನಿಮ್ಮದೇ ಕಾಲಿನ ಮೇಲೆ ಕೂರುತ್ತೆ. ಮೂರೂ ಜಡ್ಜ್ 116-112 ಅಂತ ಉಸಿಕ್‌ಗೆ ಕೊಟ್ಟರು.

ಚಾಂಪಿಯನ್ ಆದವನು ತೂಕ ಏರಿಸಿಕೊಂಡು ಬಂದರೆ ನನಗೆ ಅನುಮಾನ ಜಾಸ್ತಿ. ರೂಯಿಜ್ ಆಯ್ತು. 1993ರಲ್ಲಿ ರಿಡಿಕ್ ಬೋ ಕೂಡ 235ರಿಂದ 246ಕ್ಕೆ ಹೋಗಿ ಇವಾಂಡರ್ ಹೋಲಿಫೀಲ್ಡ್‌ಗೆ ಬೆಲ್ಟ್ ಬಿಟ್ಟುಕೊಟ್ಟರು. ಸೋತವನಿಗೆ ಬೆಳಿಗ್ಗೆ ಎದ್ದು ಓಡೋಕೆ ಕಾರಣ ಇರುತ್ತೆ, ಗೆದ್ದವನಿಗೆ ಮಲಗೋಕೆ ಕಾರಣ ಇರುತ್ತೆ.

ಇನ್ನೊಬ್ಬರು: ಮೊದಲ ಪಂದ್ಯ ತೀರಾ ಹತ್ತಿರ ಇದ್ದರೆ? ಉಸಿಕ್–ಫ್ಯೂರಿ ಮೊದಲನೆಯದರಲ್ಲಿ ಇಬ್ಬರು ಜಡ್ಜ್ ಉಸಿಕ್‌ಗೆ, ಒಬ್ಬರು ಫ್ಯೂರಿಗೆ ಕೊಟ್ಟಿದ್ದರು. ಮರುಪಂದ್ಯ ಅರ್ಧಕ್ಕರ್ಧ ಅಂತ ಅಲ್ವಾ?

ಕೋಚ್: ಅಲ್ಲ. ಸ್ಕೋರ್‌ಕಾರ್ಡ್‌ನ ಕೊನೆಯ ಅಂಕಿ ನೋಡಿದರೆ ಹಾಗೆ ಅನಿಸುತ್ತೆ. ರೌಂಡ್ ರೌಂಡಾಗಿ ನೋಡಿ. ನಡುವಿನ ರೌಂಡ್‌ಗಳಲ್ಲಿ ಫ್ಯೂರಿ ಮೆರೆದರು, ಕೆಳಗಿಂದ ಮೇಲಕ್ಕೆ ಹೊಡೆಯುವ ಅಪ್ಪರ್‌ಕಟ್ ಚೆನ್ನಾಗಿ ಬೀಳುತ್ತಿತ್ತು. ಎಂಟರ ಹೊತ್ತಿಗೆ ಗಾಳಿ ತಿರುಗಿತು. ಒಂಬತ್ತರಲ್ಲಿ ಫ್ಯೂರಿ ಹಗ್ಗದಿಂದ ಹಗ್ಗಕ್ಕೆ ತೂರಾಡಿದರು, ರೆಫರಿ ಎಣಿಸಬೇಕಾಯಿತು. ಅಂದರೆ ಉಸಿಕ್ ಒಗಟು ಬಿಡಿಸಿಯಾಗಿತ್ತು, ಮರುಪಂದ್ಯವನ್ನು ಅಲ್ಲಿಂದಲೇ ಶುರು ಮಾಡುತ್ತಾರೆ ಅಂತ ನನ್ನ ಲೆಕ್ಕವಾಗಿತ್ತು.

ಫ್ಯೂರಿ–ವೈಲ್ಡರ್ ಡ್ರಾ ಕೂಡ ಹೀಗೇ. ಒಬ್ಬ ಜಡ್ಜ್ ವೈಲ್ಡರ್‌ಗೆ 115-111, ಒಬ್ಬರು ಫ್ಯೂರಿಗೆ 114-112, ಇನ್ನೊಬ್ಬರು ಸಮ. ಆದರೆ ವೈಲ್ಡರ್ ಅಂಕ ಬಂದದ್ದು ಹೆಚ್ಚಾಗಿ ಒಂಬತ್ತು ಮತ್ತು ಹನ್ನೆರಡನೇ ರೌಂಡ್‌ನ ನಾಕ್‌ಡೌನ್‌ನಿಂದ. ಉಳಿದ ಹೊತ್ತು ಬಾಕ್ಸಿಂಗ್ ಆಡಿದ್ದು ಫ್ಯೂರಿ. 1999ರ ಮಾರ್ಚ್‌ನ ಲೆನಾಕ್ಸ್ ಲೂಯಿಸ್–ಹೋಲಿಫೀಲ್ಡ್ ಡ್ರಾ ನೋಡಿದವರು ಆ ತೀರ್ಪಿಗೆ ತಲೆ ಚಚ್ಚಿಕೊಂಡರು. ನವೆಂಬರ್‌ನಲ್ಲಿ ಮೂರೂ ಜಡ್ಜ್ ಲೂಯಿಸ್ ಕಡೆ.

ಒಂದು ಕೆಲಸ ಮಾಡಿ. ಮೊದಲ ಪಂದ್ಯವನ್ನು ಕಾಮೆಂಟರಿ ಮ್ಯೂಟ್ ಮಾಡಿ ನೋಡಿ. ಪ್ರತಿ ರೌಂಡ್ ಯಾರದ್ದು, ಯಾವ ಹೊಡೆತದಿಂದ ಅಂತ ಬರೆದುಕೊಳ್ಳಿ. ಅದೇ ಹೊಡೆತ ಪದೇ ಪದೇ ಬಿದ್ದರೆ ಅದು ಮರುಪಂದ್ಯದಲ್ಲೂ ಬೀಳುತ್ತೆ. ಒಂದೇ ಸಲ ಬಿದ್ದರೆ ಅಷ್ಟು ನೆಚ್ಚಿಕೊಳ್ಳಬೇಡಿ.

ಪ್ರಶ್ನೆ: ಕೋಚ್ ಬದಲಾಯಿಸಿದರೆ ಸರ್?

ಕೋಚ್: ನಮ್ಮವರನ್ನು ನಾನೇ ಹೊಗಳಬಾರದು, ಆದರೂ ಒಂದು ಹೇಳ್ತೀನಿ. 1994ರಲ್ಲಿ ಮೆಕಾಲ್ ಕಾರ್ನರ್‌ನಲ್ಲಿ ನಿಂತು ಲೆನಾಕ್ಸ್ ಲೂಯಿಸ್‌ರನ್ನು ಸೋಲಿಸೋಕೆ ತಯಾರು ಮಾಡಿದ್ದು ಇಮ್ಯಾನುಯೆಲ್ ಸ್ಟೀವರ್ಡ್. ಸೋತ ಮೇಲೆ ಲೂಯಿಸ್ ಹೋಗಿ ಅದೇ ಸ್ಟೀವರ್ಡ್‌ರನ್ನು ತಮ್ಮ ಕೋಚ್ ಮಾಡಿಕೊಂಡರು! ತನ್ನ ದೋಷ ಯಾರಿಗೆ ಗೊತ್ತಿದೆಯೋ ಅವರನ್ನೇ ಹಿಡಿದರು. 2020ರಲ್ಲಿ ಫ್ಯೂರಿ ಕರೆಸಿಕೊಂಡ ಶುಗರ್‌ಹಿಲ್ ಸ್ಟೀವರ್ಡ್ ಇದೇ ಇಮ್ಯಾನುಯೆಲ್ ಅವರ ಸೋದರಳಿಯ. ಆದರೆ 2022ರಲ್ಲಿ ಜೋಶುವಾ ಕೂಡ ಕೋಚ್ ಬದಲಾಯಿಸಿದ್ದರು, ಫಲಿತಾಂಶ ಬದಲಾಗಲಿಲ್ಲ. ಹೊಸ ಕೋಚ್ ಒಂದು ಹೊಸ ಯೋಜನೆ ತಂದರೆ ಲೆಕ್ಕಕ್ಕೆ ತಗೊಳ್ಳಿ. ಸಿಟ್ಟಿಗೆ ಹಳಬರನ್ನು ಕಳಿಸಿದ್ದಾದರೆ ಬೇಡ.

ಇನ್ನೊಬ್ಬರು: ವಯಸ್ಸು? ಹಿರಿಯ ಬಾಕ್ಸರ್‌ಗೆ ಮರುಪಂದ್ಯ ಕಷ್ಟ ಅಂತಾರೆ.

ಕೋಚ್: ಹುಟ್ಟಿದ ವರ್ಷಕ್ಕಿಂತ ತಿಂದ ಹೊಡೆತ ಎಣಿಸಿ. ಮೊಹಮ್ಮದ್ ಅಲಿ 1978ರ ಫೆಬ್ರವರಿಯಲ್ಲಿ ಲಿಯಾನ್ ಸ್ಪಿಂಕ್ಸ್‌ಗೆ ಸೋತಾಗ 36 ವರ್ಷ. ಸ್ಪಿಂಕ್ಸ್‌ಗೆ 24, ವೃತ್ತಿಪರ ಪಂದ್ಯ ಬರೀ ಏಳು ಆಡಿದ್ದರು. ಆ ಪಂದ್ಯಕ್ಕೆ ಅಲಿ ಸರಿಯಾಗಿ ತಯಾರಿ ಮಾಡಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಜಾಬ್, ಹಿಡಿತ, ಮತ್ತೆ ಜಾಬ್ ಅಂತ ಆಡಿ ಪಟ್ಟ ವಾಪಸ್ ತಗೊಂಡರು.

2025ರ ಜುಲೈನಲ್ಲಿ 38ರ ಉಸಿಕ್, 27ರ ಡೇನಿಯಲ್ ಡುಬ್ವಾರನ್ನು ಐದನೇ ರೌಂಡ್‌ನಲ್ಲಿ ನಾಕೌಟ್ ಮಾಡಿದರು. ಆ ಮರುಪಂದ್ಯಕ್ಕೆ ಮೊದಲು ಎಲ್ಲರ ಬಾಯಲ್ಲೂ 2023ರ ಮೊದಲ ಪಂದ್ಯದ ಐದನೇ ರೌಂಡ್‌ನಲ್ಲಿ ಡುಬ್ವಾ ಹೊಡೆದ ಒಂದು ಹೊಡೆತವೇ. ಸೊಂಟದ ಕೆಳಗಾ, ಮೇಲಾ ಅಂತ ಜಗಳ; ಕೆಳಗಾದರೆ ಅದು ನಿಯಮಕ್ಕೆ ವಿರುದ್ಧ. ಆ ಒಂದು ಗಳಿಗೆ ಬಿಟ್ಟರೆ ಉಳಿದ ರೌಂಡ್‌ಗಳಲ್ಲಿ ಏನಾಯ್ತು? ಉಸಿಕ್ ಬೇಕಾದ ಹಾಗೆ ಆಡಿಸಿ ಒಂಬತ್ತರಲ್ಲಿ ಮುಗಿಸಿದ್ದರು. ಜಗಳ ಆಡಿದ ಸಮಯದಲ್ಲಿ ಇಡೀ ಪಂದ್ಯ ಮತ್ತೆ ನೋಡಬಹುದಿತ್ತು.

ಪ್ರಶ್ನೆ: ಇದನ್ನೆಲ್ಲ ನೋಡಿ ಯಾವ ರೌಂಡ್‌ನಲ್ಲಿ ಮುಗಿಯುತ್ತೆ ಅಂತ ಹೇಳ್ತೀರಾ ಸರ್? ದುಡ್ಡು ಕಟ್ಟಬಹುದಾ?

ಕೋಚ್: ರೌಂಡ್ ಹೇಳಲ್ಲ. ದುಡ್ಡು ಕಟ್ಟೋಕೆ ನನ್ನ ಮಾತು ಬಳಸಬೇಡಿ. ಯಾವ ಲೆಕ್ಕಕ್ಕೂ ಸಿಗದ್ದು ರಿಂಗ್‌ನಲ್ಲಿ ನಡೆಯುತ್ತೆ. 1993ರ ಬೋ–ಹೋಲಿಫೀಲ್ಡ್ ಮರುಪಂದ್ಯದ ಏಳನೇ ರೌಂಡ್‌ನಲ್ಲಿ ಒಬ್ಬ ಆಕಾಶದಿಂದ ಪ್ಯಾರಾಚೂಟ್‌ನಂಥ ಯಂತ್ರದಲ್ಲಿ ಬಂದು ರಿಂಗ್ ಹಗ್ಗಕ್ಕೆ ಸಿಕ್ಕಿಕೊಂಡ. ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಆಟ ನಿಂತಿತು. 1997ರಲ್ಲಿ ಲೆನಾಕ್ಸ್ ಲೂಯಿಸ್ ಎದುರಿನ ಮರುಪಂದ್ಯದಲ್ಲಿ ಮೆಕಾಲ್ ರಿಂಗ್‌ನಲ್ಲೇ ಅಳೋಕೆ ಶುರು ಮಾಡಿ ಹೊಡೆಯೋದನ್ನೇ ಬಿಟ್ಟರು. ಅದೇ ವರ್ಷ ಮೈಕ್ ಟೈಸನ್ ಮರುಪಂದ್ಯದ ಮೂರನೇ ರೌಂಡ್‌ನಲ್ಲಿ ಹೋಲಿಫೀಲ್ಡ್ ಕಿವಿ ಕಚ್ಚಿ ಅನರ್ಹರಾದರು. ಯಾವ ಕೋಚ್ ಇದನ್ನು ಬರೆದಿಟ್ಟಿರುತ್ತಾನೆ ಹೇಳಿ?

ಪ್ರಶ್ನೆ: ಕೊನೆಯದು ಸರ್. ಮೂರನೇ ಪಂದ್ಯಕ್ಕೂ ಇದೇ ಲೆಕ್ಕವಾ?

ಕೋಚ್: ಇಲ್ಲ, ಅಷ್ಟು ಹೊತ್ತಿಗೆ ಒಬ್ಬರದ್ದೊಬ್ಬರಿಗೆ ಗೊತ್ತಿಲ್ಲದ್ದು ಏನೂ ಉಳಿದಿರಲ್ಲ. ಮೂರನೆಯದರಲ್ಲಿ ಯಾರ ದೇಹ ಜಾಸ್ತಿ ಸವೆದಿದೆ ಅಂತ ನೋಡಿ. 1995ರಲ್ಲಿ ಬೋ ಆರನೇ ರೌಂಡ್‌ನಲ್ಲಿ ಬಿದ್ದೂ ಎಂಟರಲ್ಲಿ ಹೋಲಿಫೀಲ್ಡ್‌ರನ್ನು ಮುಗಿಸಿದರು. 2021ರಲ್ಲಿ ಫ್ಯೂರಿ ನಾಲ್ಕನೇ ರೌಂಡ್‌ನಲ್ಲಿ ಎರಡು ಸಲ ಬಿದ್ದು ಎದ್ದು, ಹನ್ನೊಂದರಲ್ಲಿ ವೈಲ್ಡರ್‌ರನ್ನು ಮಲಗಿಸಿದರು. ಎರಡೂ ಕಡೆ ದೊಡ್ಡ ಮೈಯವನೇ ಉಳಿದ. ಮೂರನೇ ಪಂದ್ಯಕ್ಕೆ ನಾನು ದೊಡ್ಡ ಮೈಯವನ ಕಡೆ ಸ್ವಲ್ಪ ವಾಲುತ್ತೇನೆ, ಅವನು ಓಡಿ ಅಭ್ಯಾಸ ಮಾಡಿದ್ದರೆ ಮಾತ್ರ.